ಸೋಪಿನ ಮೂಲ

ಋಷಿಮೂಲ, ನದೀಮೂಲ ಹುಡುಕಬಾರದು ಎಂದು ಹಿರಿಯರು ಹೇಳಿದ್ದಾರೆ. ಸೋಪಿನ ಮೂಲದ ಬಗ್ಗೆ ಏನೂ ಹೇಳದೆ ಹೋದದ್ದು ಪ್ಲಾನಪ್ಪನ ಗ್ರಹಚಾರ.

ಸೋಪಿನ ಕಂಪನಿಯೊಂದರಲ್ಲಿ ಮಾರಾಟದ ಯೋಜನೆ ಹಾಕುವುದು ಅವನ ಕೆಲಸ. ಬಾಯಿ ತೆರೆದರೆ ಪ್ಲಾನು ಎನ್ನುತ್ತಿದ್ದುದರಿಂದ ಆ ಹೆಸರು ಬಿತ್ತು. ಇವರ ಹಳದಿ ಸೋಪು ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು. ಎದುರಾಳಿಯ ಹಸಿರು ಸೋಪು ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ. ಜನ ಹಸಿರನ್ನೇ ಯಾಕೆ ಕೊಳ್ಳುತ್ತಾರೆಂದು ಇವತ್ತು ಸಂಜೆಯೊಳಗೆ ತಿಳಿಯಬೇಕು, ಇಲ್ಲದಿದ್ದರೆ ನಾಳೆಯಿಂದ ನೀನು ಬರಬೇಕಾಗಿಲ್ಲ ಎಂದರು ಮಾಲೀಕರು. ಬಣ್ಣ, ಬೆಲೆ, ಪರಿಮಳ ಎಂದು ಅವನು ಬರೆದಿದ್ದ ಚಾರ್ಟುಗಳ ಮೇಲೆ ನಂಬಿಕೆಯಿಲ್ಲದೆ ತಾವೂ ಜೊತೆಗೆ ಹೊರಟರು.

ಅಂಗಡಿಯಲ್ಲಿ ಮೇಷ್ಟರೊಬ್ಬರು ಹಸಿರು ಸೋಪು ಕೊಂಡರು. ಯಾಕೆಂದು ಕೇಳಿದರೆ ಹೆಂಡತಿ ಹೇಳಿದಳು ಎಂದರು. ಅದು ಹಸಿರೆಂಬುದನ್ನೂ ಅವರು ಆಗಷ್ಟೇ ಗಮನಿಸಿದ್ದು. ಹೆಂಡತಿಗೆ ಹೇಳಿದ್ದು ನರ್ಸಮ್ಮ, ನರ್ಸಮ್ಮನಿಗೆ ಹೇಳಿದ್ದು ಟೈಲರಮ್ಮ. ಬಣ್ಣ, ಬೆಲೆ, ಪರಿಮಳದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ಪ್ಲಾನಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಅದರ ಮೇಲೆ ಮನೆಯಿಂದ ಮನೆಗೆ ಅಲೆದಂತೆ ಬೀದಿಗಳೂ ಯಾಕೋ ಪರಿಚಿತವಾಗುತ್ತ ಬಂದವು.

ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಬೆಳಗಾಗುವ ಮುಂಚೆ ಮನೆ ಬಿಟ್ಟು ಕತ್ತಲಾದ ಮೇಲೆ ಸೇರುವ ಪ್ಲಾನಪ್ಪನ ಮುಖ ಅವಳಿಗೆ ಗೊತ್ತಿರಲಿಲ್ಲ.

"ನಮ್ಗೇನ್ ಗೊತ್ತು ಸರ್? ಎದುರು ಮೂಲೆ ಮನೆ ಅಕ್ಕ ತಗೋತಾರೆ, ನಾವೂ ತಗೋತೀವಿ. ಅವರ ಯಜಮಾನ್ರು ಹಳದಿ ಸೋಪಿನ ಕಂಪನೀಲೇ ಇದ್ದಾರಂತೆ. ಒಳಗಿನವರೇ ಮುಟ್ಟಲ್ಲ ಅಂದ್ಮೇಲೆ ನಾವು ಮುಟ್ತೀವಾ?"

ಮೂಲೆ ಮನೆಯ ಮುಂದೆ ಇದ್ದದ್ದು ಪ್ಲಾನಪ್ಪನದೇ ಹಳೆ ಚಪ್ಪಲಿ. ಮನೆಯಲ್ಲಿ ಯಾರೂ ಇದ್ದಂತಿಲ್ಲ, ಇನ್ನೊಂದು ದಿನ ಬರೋಣ ಎಂದು ಅವನು ಗೋಗರೆಯುವಷ್ಟರಲ್ಲಿ ಮಾಲೀಕರು ಬೆಲ್ ಒತ್ತಿಯಾಗಿತ್ತು.

"ಏನ್ರೀ, ಇವತ್ತು ಇಷ್ಟ್ ಬೇಗ?" ಎಂದಳು ಬಾಗಿಲು ತೆರೆದ ಹೆಂಡತಿ.

ಮಾಲೀಕರು ಅವನನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಹಸಿರು ಸೋಪೇ ಯಾಕಮ್ಮಾ ಎಂದು ಕೇಳಿದರು.

"ಇವರೇ ಹೇಳಿದ್ದಲ್ವಾ? ಅದರ ಮುಂದೆ ನಮ್ಮದು ಇಟ್ಟಿಗೆ ಅಂತ ದಿನಾ ಊಟಕ್ಕೆ ಕೂತಾಗ ಗೊಣಗ್ತಾರೆ. ಪೋಸ್ಟರಿಗೆ ಬರೆಯೋದನ್ನ ನಂಬ್ಲಾ, ಅನ್ನದ ಮುಂದೆ ಕೂತು ಹೇಳೋದನ್ನ ನಂಬ್ಲಾ?"

ಮಾಲೀಕರು ಮುಖ ತೊಳೆಯಲು ಬಚ್ಚಲಿಗೆ ಹೋದರು. ಕೆಲಸ ಹೋಯಿತೆಂದು ಪ್ಲಾನಪ್ಪ ಕುರ್ಚಿಗೆ ಕುಸಿದ. ಹೊರಬಂದ ಮಾಲೀಕರು ಅಂಗೈಯನ್ನು ಮೂಸಿದರು, ಮತ್ತೊಮ್ಮೆ ಮೂಸಿದರು. ಆಮೇಲೆ ದನಿ ತಗ್ಗಿಸಿ, ಇನ್ನೊಂದು ಇದೆಯೇನಮ್ಮಾ ಎಂದರು. ಮನೆಯಲ್ಲಿ ಒಡೆಯದೆ ಉಳಿದಿದ್ದ ಒಂದೇ ಒಂದು ಹಸಿರು ಸೋಪು ಅವರ ಕೈ ಸೇರಿತು. ನಾಳೆ ಬಾ, ಆದರೆ ಸರಿಯಾದ ಕಾರಣದೊಂದಿಗೆ ಬಾ ಎಂದು ಪ್ಲಾನಪ್ಪನಿಗೆ ಗದರಿಸಿ, ಹಸಿರು ಸೋಪು ಹಿಡಿದುಕೊಂಡೇ, ಹಳದಿ ಸೋಪಿನ ಚಿತ್ರ ಬಿಡಿಸಿದ್ದ ತಮ್ಮ ಕಾರು ಹತ್ತಿದರು. ಟೈಲರಮ್ಮ ಕಿಟಕಿಯಲ್ಲಿ ಎಲ್ಲವನ್ನೂ ನೋಡುತ್ತಿದ್ದಳು.

ಸಂಜೆ ಹೆಂಡತಿ ಅವನನ್ನೇ ಸೋಪಿಗೆ ಅಟ್ಟಿದಳು.

"ಮುಗಿದೋಯ್ತು ಸರ್," ಎಂದ ಅಂಗಡಿಯವನು. "ಹಳದಿ ಕಂಪನಿ ಮಾಲೀಕರೇ ಹಸಿರು ಸೋಪು ತಗೊಂಡ್ ಹೋದ್ರಂತೆ. ಬೀದಿಗೆ ಬೀದೀನೇ ಬಂದು ಬಾಚ್ಕೊಂಡ್ ಹೋಯ್ತು. ಹಳದಿ ಬೇಕಾದಷ್ಟಿದೆ, ಕೊಡ್ಲಾ?"

ಪ್ಲಾನಪ್ಪ ಹಳದಿ ಸೋಪನ್ನು ಕೈಗೆತ್ತಿಕೊಂಡ. ಅದರ ಮೇಲೆ ತಾನೇ ಬರೆದಿದ್ದ ಹೊಗಳಿಕೆಯನ್ನು ಪೂರ್ತಿ ಓದಿದ.

"ಬೇಡ ಬಿಡಿ," ಎಂದ. "ಹಸಿರು ಬಂದ್ರೆ ನನಗೊಂದು ಎತ್ತಿಡಿ."