ಹಿಮ್ಮಡಿ ಓದಿದವನು

ಮಹಾಂತೇಶನ ಮಾನ ತೆಗೆದದ್ದು ಒಂದು ಕೆಂಪು ಟವೆಲ್.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಉಡುತಡಿಯಲ್ಲಿ ಕುರಿ ಕಾಯುವ ಅವನಿಗೆ, ಟಗರು ಯಾವ ಕಡೆ ನುಗ್ಗುತ್ತದೆಂದು ಹಿಂಗಾಲು ನೋಡಿದರೇ ಗೊತ್ತಾಗುತ್ತಿತ್ತು. ಮೊಬೈಲಿನಲ್ಲಿ ಟೆನಿಸ್ ನೋಡುವಾಗಲೂ ಅದೇ ಕಣ್ಣು. ಪಕ್ಕದ ಮನೆಯ ಸುಷ್ಮಿತಾ ಊರೂರು ಸುತ್ತಿ ಆಡುವ ವೃತ್ತಿಪರ ಆಟಗಾರ್ತಿ. ಇವತ್ತು ಸೊರಬದಲ್ಲಿ ಕುಬಟೂರಿನ ಧನ್ಯಾಳ ಮೇಲೆ ಅವಳ ಪಂದ್ಯ.

"ಧನ್ಯಾ ಸರ್ವ್ ಮಾಡಾಕೆ ಮೊದ್ಲು ಹಿಮ್ಮಡಿ ತಿರುಗಿಸ್ತಾಳೆ. ತಿರುಗಿದ ಕಡೀಗೇ ಚೆಂಡು," ಎಂದಿದ್ದ ಮಹಾಂತೇಶ.

"ಹಂಗಾದ್ರೆ ನೆಟ್ ಪಕ್ಕ ಕೂತ್ಕೋ. ನನ್ನ ಎಡಕ್ಕೆ ಬಂದ್ರೆ ಟವೆಲ್ ಎಡ ಭುಜಕ್ಕೆ, ಬಲಕ್ಕೆ ಬಂದ್ರೆ ಬಲಕ್ಕೆ. ಗೆದ್ರೆ ಮುಂದಿನ ಟೂರ್ನಿಗೆಲ್ಲ ನೀನೂ ನನ್ ಜೊತೆ," ಎಂದಿದ್ದಳು ಸುಷ್ಮಿತಾ.

ಅಷ್ಟಕ್ಕೇ ಬ್ಯಾಗು ಕಟ್ಟಿ, ಕುರಿಗಳನ್ನು ನೆರೆಯ ಉಜ್ಜಪ್ಪನ ದೊಡ್ಡಿಗೆ ಒಪ್ಪಿಸಿ, "ಇನ್ಮ್ಯಾಗೆ ನಾನು ಕೋಚು, ಹಿಕ್ಕೆ ಬಳಿಯೋನಲ್ಲ!" ಎಂದು ಊರಿಗೆಲ್ಲ ಸಾರಿ ಅವನು ಬಸ್ಸು ಹತ್ತಿದ್ದ.

ಮೊದಲ ಸೆಟ್ಟು ಆರು-ಎರಡು, ಸುಷ್ಮಿತಾಳದ್ದು. ಮಹಾಂತೇಶನ ಎದೆ ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬಾಯಿತು.

ಎರಡನೆಯದರಲ್ಲಿ ಎಲ್ಲ ಉಲ್ಟಾ. ಟವೆಲ್ ಎಡಕ್ಕೆ ಬಿದ್ದರೆ ಚೆಂಡು ಬಲಕ್ಕೆ. ಸುಷ್ಮಿತಾ ಖಾಲಿ ಜಾಗಕ್ಕೆ ಹಾರಿ ಹಾರಿ ಮಂಡಿ ತರಚಿಕೊಂಡಳು.

"ಎಡಕ್ಕಂದೆ, ಬಲಕ್ಕೆ ಹೋತಲ್ಲಲೇ!" ಊರಿನಿಂದ ಬೆನ್ನುಹತ್ತಿ ಬಂದಿದ್ದ ಬೆನಕಪ್ಪ ತಿವಿದ. "ಅದೇನಲೇ ಬಾಯಾಗೆ ಸದ್ದು ಮಾಡ್ತಿ?"

"ಸುಮ್ನಿರಲೇ! ಆ ಹುಡುಗಿ ಹಿಮ್ಮಡಿ ಸುಳ್ಳು ಹೇಳಾಕತ್ತೈತಿ!"

ಮೂರನೇ ಸೆಟ್ಟೂ ಹೋಯಿತು. "ಬ್ಯಾಗು ತಗಂಡು ಊರಿಗೆ ಹೋಗಣ್ಣ," ಎಂದಷ್ಟೇ ಹೇಳಿ ಸುಷ್ಮಿತಾ ಮುಖ ತಿರುಗಿಸಿದಳು.

ಮಹಾಂತೇಶ ಕುದಿಯುತ್ತ ಧನ್ಯಾಳ ಎದುರು ನಿಂತ. "ಹಿಮ್ಮಡಿ ಹೆಂಗ್ರೀ ಬದಲಾಯಿಸಿದ್ರಿ?"

"ಹಿಮ್ಮಡಿಯಾ? ಅದು ತಿರುಗ್ತದೆ ಅಂತ್ಲೇ ನಂಗೆ ಗೊತ್ತಿಲ್ಲ ಮಾರಾಯ್ರೆ. ನಿಮ್ಮ ಟವೆಲ್ ನೋಡಿ ಇನ್ನೊಂದ್ ಕಡೆಗೆ ಹೊಡೀತಿದ್ದೆ."

"ಟವೆಲ್ ನೋಡು ಅಂತ ನಿಮಗೆ ಹೇಳಿದ್ಯಾರು?"

"ನೀವೇ! ಟವೆಲ್ ಎತ್ತಿದಾಗೆಲ್ಲ 'ಹುರ್ರ್ಯಾ' ಅಂತ ಕುರಿ ಕರೀತಿದ್ರಲ್ಲ. ಇಡೀ ಸೊರಬ ತಿರುಗಿ ನೋಡ್ತು."

ಅವನ ಮುಖ ಟವೆಲ್ಲಿಗಿಂತ ಕೆಂಪಾಯಿತು. ಹತ್ತು ವರ್ಷ ಕುರಿಗಳ ಮುಂದೆ ಟವೆಲ್ ಬೀಸಿ ಬೀಸಿ, ಕೈ ಎದ್ದರೆ ನಾಲಿಗೆಯೂ ಏಳುತ್ತಿತ್ತು. ಅವನ ಕಿವಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಸಂಜೆ ಶಿಕಾರಿಪುರದಲ್ಲಿ ಬಸ್ಸು ಬದಲಿಸಿ ಉಡುತಡಿಯಲ್ಲಿಳಿದವನು ಹಿಂದಿನ ಓಣಿ ಹಿಡಿದ. ಆದರೂ ಉಜ್ಜಪ್ಪನ ಕಟ್ಟೆ ದಾಟಲೇಬೇಕು. ಅಲ್ಲಿ ಹತ್ತು ಜನ ಕೂತು ಹರಟುತ್ತಿದ್ದರು. ಯಾರೂ ಇತ್ತ ನೋಡುತ್ತಿರಲಿಲ್ಲ. ಮುಖ ಮುಚ್ಚಿಕೊಂಡು ಜಾರಿಕೊಳ್ಳೋಣವೆಂದು ಟವೆಲ್ ಎತ್ತಿ ತಲೆಗೆ ಹಾಕಿಕೊಂಡ.

ತನ್ನ ಬಾಯಿ ಏನಂದಿತೋ ಅವನಿಗೆ ಕೇಳಿಸಲಿಲ್ಲ. ಕುರಿಗಳಿಗೆ ಕೇಳಿಸಿತು.

ನಲವತ್ತೂ ಕುರಿಗಳು ದೊಡ್ಡಿಯ ತಡಿಕೆ ಬೀಳಿಸಿ, ಬ್ಯಾ ಎನ್ನುತ್ತ ಓಣಿಗೆ ನುಗ್ಗಿ ಅವನನ್ನು ಸುತ್ತಿಕೊಂಡವು.

"ಬಾರಪ್ಪಾ ಕೋಚು," ಎಂದ ಉಜ್ಜಪ್ಪ. "ಪೊರಕೆ ಅಲ್ಲೇ ಐತಿ."