ನಮ್ಮ ಕಾಲೇಜು ಹೊಗೆ ಬಿಟ್ಟದ್ದು

ಸಭೆಯಲ್ಲಿ ಮಾತಾಡುವ ಚಟ ಇರುವವನಿಗೆ ಬೇರೆ ಶತ್ರುಗಳೇ ಬೇಕಿಲ್ಲ. ನನಗೆ ಆ ಚಟವಿದೆ. ಮನೆಯಲ್ಲಿ ನನ್ನ ಮಾತನ್ನು ಯಾರೂ ಪೂರ್ತಿ ಕೇಳುವುದಿಲ್ಲವಾದ್ದರಿಂದ ಉಳಿದದ್ದನ್ನು ಕಾಲೇಜಿನಲ್ಲಿ ಆಡಿ ಮುಗಿಸುತ್ತೇನೆ. ಹಡಗಲಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಮೇಷ್ಟ್ರು. ಹೋದ ವರ್ಷ ಅಲ್ಲಿ 'ನಿವ್ವಳ ಶೂನ್ಯ ಮತ್ತು ಉನ್ನತ ಶಿಕ್ಷಣದ ಪಾತ್ರ' ಎಂಬ ವಿಚಾರ ಸಂಕಿರಣ ನಡೆಯಿತು. ನಾವು ಬಿಡುವ ಹೊಗೆಯೆಷ್ಟೋ ಅಷ್ಟನ್ನೂ ಮರಗಿಡಗಳು ಹೀರಿಕೊಂಡು ಲೆಕ್ಕ ಸೊನ್ನೆಯಾಗಬೇಕು, ಆ ಕೆಲಸ ಕಾಲೇಜುಗಳಿಂದಲೇ ಶುರುವಾಗಬೇಕು ಎಂದು ನಾನು ಮೇಜು ಗುದ್ದಿ ಹೇಳಿದೆ. ಚಪ್ಪಾಳೆ ನಿಲ್ಲುವ ಮೊದಲೇ ಪ್ರಿನ್ಸಿಪಾಲರು ನನ್ನನ್ನು ಶೂನ್ಯ ಸಮಿತಿಯ ಸಂಚಾಲಕನೆಂದು ಘೋಷಿಸಿಬಿಟ್ಟರು. ಮನೆಗೆ ಬಂದು ಹೆಂಡತಿಗೆ ಹೇಳಿದರೆ, "ಶೂನ್ಯಕ್ಕ ನಿಮ್ಮನ್ನ ಬಿಟ್ರ ಇನ್ಯಾರು ಸಿಗ್ತಾರ ಬಿಡ್ರಿ" ಎಂದಳು.

ಸೋಲಾರ್ ಹಾಕಿಸಲು ಕಾಲೇಜಿನಲ್ಲಿ ಹಣವಿರಲಿಲ್ಲ. ಸಸಿ ನೆಡೋಣವೆಂದರೆ ಕೊಳವೆಬಾವಿ ಬತ್ತಿತ್ತು. ಬಿಡಿಕಾಸು ಖರ್ಚಿಲ್ಲದೆ ನಿಲ್ಲಿಸಬಹುದಾದದ್ದೆಂದರೆ ವಿದ್ಯಾರ್ಥಿಗಳ ಗಾಡಿಗಳು ಮಾತ್ರ. ಗೇಟಿನೊಳಗೆ ತರುವಂತಿಲ್ಲ, ಹೊರಗೂ ನಿಲ್ಲಿಸುವಂತಿಲ್ಲ ಎಂದು ಆದೇಶ ಹೊರಟಿತು. ಅಧ್ಯಾಪಕರ ಕಾರುಗಳಿಗೆ 'ಬೋಧನೆಯ ಗುಣಮಟ್ಟದ ದೃಷ್ಟಿಯಿಂದ' ವಿನಾಯಿತಿ. ಆ ಮಾತನ್ನು ಹೊಸೆದವನೂ ನಾನೇ. ಆಗ ಅದು ನನಗೆ ಬಹಳ ನ್ಯಾಯವಾಗಿಯೇ ಕಂಡಿತ್ತು.

ಮೂರನೇ ವರ್ಷದ ಬಿ.ಎಸ್ಸಿ.ಯಲ್ಲಿ ರೇಣುಕಾ ಎಂಬ ಹುಡುಗಿಯಿದ್ದಳು. ಊರು ಮಾಗಳ. ಬೆಳಗಿನ ಜಾವವೇ ಎದ್ದು ಅಪ್ಪನ ಹೊಲದಲ್ಲಿ ಮಲ್ಲಿಗೆ ಬಿಡಿಸಿಕೊಟ್ಟು, ಗೆಳತಿಯರಿಬ್ಬರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬರುತ್ತಿದ್ದಳು. ಪ್ರಯೋಗಶಾಲೆಯಲ್ಲಿ ಅವಳಷ್ಟು ಹದವಾದ ಕೈ ನಾನು ನೋಡಿದ್ದು ಕಡಿಮೆ. ಆದೇಶ ಬಂದ ವಾರ ನನ್ನ ಬಳಿ ಬಂದಳು.

"ಸರ್, ನಮ್ಮ ಸ್ಕೂಟಿ ಒಂದು ಬಿಡಸ್ರಿ. ಮೂರು ಮಂದಿ ಒಂದ ಗಾಡಿ ಮ್ಯಾಲೆ ಬರ್ತೀವಿ."

"ಬಸ್ಸಿಗೆ ಬರ್ರವ್ವ. ಹೆಣ್ಣುಮಕ್ಕಳಿಗೆ ಫ್ರೀ ಐತಲ್ಲ."

"ಫ್ರೀ ಐತ್ರಿ. ಆದ್ರ ತುಂಬ್ಕೊಂಡು ಬರ್ತೈತಿ, ನಮ್ಮೂರಾಗ ನಿಂದ್ರಂಗಿಲ್ರಿ."

ನಾನು ಹಿಮಾಲಯ ಕರಗುತ್ತಿರುವುದರ ಬಗ್ಗೆ ವಿವರಿಸಿದೆ. ಕಡಲು ಉಕ್ಕುವುದರ ಬಗ್ಗೆಯೂ ಹೇಳಿದೆ. ಅವಳು ಎಲ್ಲವನ್ನೂ ಗಮನವಿಟ್ಟು ಕೇಳಿ, "ಹಂಗಾದ್ರ ಸರ್, ನಿಮ್ಮ ಕಾರು?" ಎಂದಳು. ನನಗೆ ಆ ಕ್ಷಣಕ್ಕೆ ಸರಿಯಾಗಿ ಕ್ಲಾಸಿನ ನೆನಪಾಯಿತು.

ಕೆಲ ತಿಂಗಳಾದ ಮೇಲೆ ಮೂವರೂ ಕಾಣಿಸಲಿಲ್ಲ. ಮನಸ್ಸು ತಡೆಯದೆ ಒಂದು ಭಾನುವಾರ ಮಾಗಳಕ್ಕೆ ಹೋದೆ. ರೇಣುಕಾಳ ಅಪ್ಪ ಕೊಟ್ರಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದ.

"ಏನ್ ಮಾಡೂದ್ರಿ ಸರ್? ಬಸ್ಸು ಹಿಡದು ಹೋಗೂದ್ರಾಗ ಪಾಠ ಮುಗದಿರ್ತಿತ್ತು, ಸಂಜಿಗೆ ಬರೂದ್ರಾಗ ಕತ್ತಲಾಗ್ತಿತ್ತು. ಹಾಜರಿ ಕಮ್ಮಿ, ಪರೀಕ್ಷಿಗೆ ಕೂಡಸಂಗಿಲ್ಲ ಅಂದ್ರಂತ. ಅಷ್ಟ್ರಾಗ ಹರಪನಹಳ್ಳಿ ಕಡಿಂದ ಸಂಬಂಧ ಬಂತು. ಹೂಂ ಅಂದ್ವಿ."

"ಉಳಿದಿಬ್ಬರು?"

"ಈಕಿ ಹೋಗ್ಲಿಲ್ಲಂದ್ರ ಅವರನ್ನ ಯಾರ್ ಕಳಸ್ತಾರ್ರಿ?"

"ಸ್ಕೂಟಿ ಇಟ್ಟಿರೇನು?"

"ಮಾರಿದ್ವಿ. ಅಳಿಯಗ ದೊಡ್ಡ ಬೈಕ್ ಬೇಕಂತ್ರಿ."

ರೇಣುಕಾ ಒಳಗಿನಿಂದ ಚಹಾ ತಂದಿಟ್ಟಳು. ನಾನು ಕೆಮಿಸ್ಟ್ರಿ ಮೇಷ್ಟ್ರು, ಏನು ಸುಟ್ಟರೆ ಏನು ಬರುತ್ತದೆಂದು ಹೇಳಬಲ್ಲೆ. ಅವಳು ಕೊಟ್ಟ ಚಹಾ ಕುಡಿದು, ನನ್ನ ಕಾರು ಹತ್ತಿ ಹಡಗಲಿಗೆ ವಾಪಸಾದೆ.

ಮರುದಿನವೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಆದೇಶ ಹಿಂತೆಗೆಯಿರಿ ಎಂದು ಕೂತೆ. "ಇಡೀ ಜಿಲ್ಲಾದಾಗ ನಮ್ಮಷ್ಟು ಹೊಗಿ ಇಳಿಸಿದ ಕಾಲೇಜಿಲ್ಲ. ನೀವ ಹಿಂಗಂದ್ರ ಹೆಂಗ್ರಿ?" ಎಂದರು. ಹೊಗೆ ಇಳಿದದ್ದು ಸುಳ್ಳಲ್ಲ. ಬರುವವರೇ ಕಡಿಮೆಯಾದರೆ ಹೊಗೆಯೂ ಇಳಿಯುತ್ತದೆ. ಹಾಗೆಂದೇ ಜಗಳವಾಡಿದೆ. ಆದೇಶ ರದ್ದಾಯಿತು. ಹೋದ ಹಾಜರಿಯನ್ನು ಮಾತ್ರ ಯಾರೂ ಮರಳಿ ಕೊಡುವಂತಿರಲಿಲ್ಲ.

ಕೊಟ್ರಪ್ಪ ಮರೆಯದೆ ಮದುವೆಗೆ ಕರೆದಿದ್ದ. ಅಕ್ಕಿಕಾಳು ಹಾಕಲು ವೇದಿಕೆ ಹತ್ತಿದೆ. ಬಾಸಿಂಗದ ಕೆಳಗಿನಿಂದ ರೇಣುಕಾ ಮೆಲ್ಲಗೆ ಕೇಳಿದಳು, "ಸರ್, ಈಗ ಗಾಡಿ ಬಿಡ್ತಾರಂತಲ್ರಿ?"

"ಹೂಂನವ್ವ. ಸೋಮವಾರದಿಂದ."

"ಛಲೋ ಆತು ಬಿಡ್ರಿ" ಎಂದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಫೋಟೋದವನು, "ಸರ್, ಇಲ್ನೋಡ್ರಿ. ಚೂರು ನಗ್ರಿ" ಎಂದ. ಆ ಫೋಟೋ ಮೊನ್ನೆ ನನ್ನ ಫೋನಿಗೆ ಬಂತು. ಮದುಮಗಳು ನೆಲ ನೋಡುತ್ತಿದ್ದಾಳೆ. ಮದುಮಗ ಬೆವರುತ್ತಿದ್ದಾನೆ. ಎಲ್ಲರಿಗಿಂತ ಚೆನ್ನಾಗಿ ನಕ್ಕಿರುವವನು ನಾನೇ.