ಎಂಟನೆಯ ಕುರ್ಚಿಗೊಂದು ಅರಿಕೆ

ಮಾನ್ಯ ಎಂಟನೆಯ ಕುರ್ಚಿಯವರೇ,

ತಮ್ಮ ನಾಲ್ಕೂ ಕಾಲುಗಳಿಗೆ ನಮಸ್ಕಾರ. ‘ಕಾಯುವವರಿಗೆ ಮರವೂ ಕುರ್ಚಿಯಾಗುತ್ತದೆ’ ಎಂದು ಎಲ್ಲೋ ಓದಿದ ನೆನಪು. ಅಥವಾ ಕುರ್ಚಿಯೇ ಬೇರುಬಿಟ್ಟು ಮರವಾಗುತ್ತದೆ ಎಂದಿತ್ತೋ? ಮೂರು ವರ್ಷ ತಮ್ಮೆದುರು ನಿಂತ ಮೇಲೆ ಎರಡನೆಯದೇ ಸರಿಯಿರಬೇಕು ಅನ್ನಿಸುತ್ತಿದೆ.

ತಾವು ಬಲ್ಲಂತೆ ನಮ್ಮ ವಿಭಾಗದಲ್ಲಿ ಉಳಿದಿರುವುದು ಒಬ್ಬರೇ ಮಾರ್ಗದರ್ಶಕರು. ಅವರಿಗೆ ಎಂಟೇ ಸಂಶೋಧಕರು, ಎಂಟೇ ಕುರ್ಚಿ ಎಂಬುದು ನಿಯಮ. ಪಿಎಚ್.ಡಿ. ಪ್ರವೇಶ ಪರೀಕ್ಷೆಯನ್ನು ನಾನು ನಲವತ್ತೈದರಲ್ಲಿ, ಮಗಳ ವಯಸ್ಸಿನವರ ನಡುವೆ ಎರಡು ಕನ್ನಡಕ ಬದಲಾಯಿಸುತ್ತಾ ಬರೆದು ಪಾಸಾದೆ. ಆ ಅರ್ಹತಾಪತ್ರದ ಆಯುಸ್ಸು ಇದೇ ತಿಂಗಳ ಮೂವತ್ತಕ್ಕೆ ತೀರುತ್ತದೆ. ‘ಕವಿತೆಗಳಲ್ಲಿ ಬರುವ ಬಾಗಿಲುಗಳು’ ಎಂಬ ನನ್ನ ವಿಷಯವನ್ನು ಮೆಚ್ಚಿದ ಮಾರ್ಗದರ್ಶಕರು, “ಒಂದು ಕುರ್ಚಿ ಖಾಲಿಯಾಗ್ಲಿ, ನೋಡೋಣಮ್ಮ” ಎಂದು ತಮ್ಮತ್ತ ಬೆರಳು ತೋರಿಸಿದ್ದರು.

ತಮ್ಮ ಮೇಲೆ ಹನ್ನೊಂದು ವರ್ಷದಿಂದ ಆಸೀನರಾಗಿರುವ ಹಿರಿಯರನ್ನು ವಿಭಾಗವೆಲ್ಲ ‘ಉಪಸಂಹಾರದಣ್ಣ’ ಎಂದು ಕರೆಯುತ್ತದೆ. ಯಾವಾಗ ಕೇಳಿದರೂ “ಉಪಸಂಹಾರ ಒಂದು ಬಾಕಿ ತಾಯೀ” ಎನ್ನುತ್ತಾರೆ. ಅವರು ಏಳದೆ ನಾನು ಕೂರುವಂತಿಲ್ಲವಾದ್ದರಿಂದ ಮೊದಲು ಅವರ ಕಡತದ ಧೂಳು ಒರೆಸಿದೆ, ಆಮೇಲೆ ಅಡಿಟಿಪ್ಪಣಿ ತಿದ್ದಿದೆ, ಕೊನೆಗೆ ತಡೆಯಲಾರದೆ ಆರು ವಾರ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತು ಉಪಸಂಹಾರವನ್ನೇ ಬರೆದುಕೊಟ್ಟೆ. ಬರೆದದ್ದು ಅಪರಾಧವೆಂದು ಬಲ್ಲೆ. ಆದರೆ ನನ್ನನ್ನು ಕೆಡಿಸಿದ್ದು ಅದನ್ನು ಚೆನ್ನಾಗಿ ಬರೆದದ್ದು. ಓದಿ ಅಣ್ಣನ ಕಣ್ಣು ತುಂಬಿ ಬಂತು. “ಇಂಥಾ ಉಪಸಂಹಾರದ ಮುಂದೆ ನನ್ನ ಏಳು ಅಧ್ಯಾಯ ಏನೇನೂ ಅಲ್ಲ, ಎಲ್ಲಾ ಮೊದಲಿಂದ ಬರೀಬೇಕು” ಎಂದವರೇ ಎರಡು ವರ್ಷದ ವಿಸ್ತರಣೆಗೆ ಅರ್ಜಿ ಹಾಕಿದರು. ಒಕ್ಕಣೆ ಬಹಳ ಸೊಗಸಾಗಿದೆ ಎಂದು ಗುಮಾಸ್ತರು ಅಂದೇ ಮಂಜೂರು ಮಾಡಿಸಿದರು. ಆ ಅರ್ಜಿಯನ್ನು ತಿದ್ದಿಕೊಟ್ಟವಳೂ ನಾನೇ.

ಕೂತವರನ್ನು ಹೀಗೆ ಕೈಬಿಡದ ಕುರ್ಚಿಯನ್ನು ನಾನು ಕಂಡಿಲ್ಲ. ಮಂತ್ರಿಗಳ ಕುರ್ಚಿಗಳು ತಮ್ಮಲ್ಲಿಗೆ ಬಂದು ಪಾಠ ಹೇಳಿಸಿಕೊಳ್ಳಬೇಕು. ಆದ್ದರಿಂದ ವಿನಯಪೂರ್ವಕವಾಗಿ ಕೋರುವುದೇನೆಂದರೆ, ತಾವು ದಯಮಾಡಿ ಮೂವತ್ತರೊಳಗೆ ಒಂದು ಮರಿ ಹಾಕಬೇಕು, ಸ್ಟೂಲಾದರೂ ಸಾಕು. ಅದಾಗದಿದ್ದರೆ ಒಂದು ಕಾಲನ್ನು ತುಸು ಸಡಿಲಿಸಿಕೊಳ್ಳಬೇಕು. ಅಣ್ಣನಿಗೆ ಪೆಟ್ಟಾಗಬಾರದು, ಬೇಸರವಾದರೆ ಸಾಕು. ಅದೂ ಆಗದಿದ್ದರೆ ನನ್ನನ್ನು ಅವರ ಪ್ರಬಂಧದ ಅಡಿಟಿಪ್ಪಣಿಯಾಗಿ ನೋಂದಾಯಿಸಿಕೊಳ್ಳುವಂತೆ ಶಿಫಾರಸು ಮಾಡಬೇಕು. ಹೇಗೂ ನನ್ನ ವಾಸ ಅಲ್ಲೇ.

ನಿಂತೇ ಇರುವ,
ತಮ್ಮ ವಿಶ್ವಾಸಿ,
ಬಾಗಿಲುಗಳ ಭಾವೀ ಸಂಶೋಧಕಿ

ತಾ.ಕ.: ಇದನ್ನು ಲಕೋಟೆಗೆ ಹಾಕುವಾಗ ಕರೆಗಂಟೆ ಸದ್ದು ಮಾಡಿತು. ಕವಿತೆಗಳಲ್ಲಿ ನೂರಾರು ಬಾಗಿಲು ನೋಡಿದ್ದೇನೆ, ಯಾವುದರಲ್ಲೂ ಪಕ್ಕದ ಮನೆಯಾಕೆ ದಪ್ಪ ಕಡತವನ್ನು ಎದೆಗವಚಿಕೊಂಡು ನಿಂತು ಹೀಗೆ ಹೇಳಿದ್ದಿಲ್ಲ: “ನಮ್ಮ ಅಳಿಯಂದೂ ಉಪಸಂಹಾರ ಒಂದೇ ಬಾಕಿ ನೋಡಿ. ನೀವು ತುಂಬಾ ಚೆನ್ನಾಗಿ ಬರೀತೀರಂತೆ. ಹೇಗೂ ಮನೇಲೇ ಇರ್ತೀರಲ್ಲಾ!”